ಗಣಕಯಂತ್ರದ ಜ್ವರಕ್ಕೆ ತಣ್ಣೀರ ಪಟ್ಟಿ

ಕನ್ನಂಬಾಡಿಯ ಕಟ್ಟೆಯ ಆಸರೆಯಲ್ಲಿ ಬಾಳುವ ಜನಕ್ಕೆ ಅಂಕಿಗಳನ್ನು ಓದುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೊಡಗಿನ ಬೆಟ್ಟಗಳ ಮೇಲೆ ಆಷಾಢದ ಮೋಡ ಕವಿಯಿತೆಂದರೆ ಸಾಕು, ಶ್ರೀರಂಗಪಟ್ಟಣದ ಹೋಟೆಲುಗಳಲ್ಲಿ, ಪಾಂಡವಪುರದ ಬಸ್ ನಿಲ್ದಾಣದಲ್ಲಿ, ಕೃಷ್ಣರಾಜಪೇಟೆಯ ಸಂತೆಯಲ್ಲಿ ಮೂರು ಅಂಕಿಗಳು ಬಾಯಿಂದ ಬಾಯಿಗೆ ಹರಿದಾಡತೊಡಗುತ್ತವೆ. ಅಣೆಕಟ್ಟೆಯ ನೀರಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್ಸ್, ಹೊರಹರಿವು ಎಷ್ಟು ಕ್ಯೂಸೆಕ್ಸ್! 124.80 ಅಡಿ ಎಂದರೆ ಭರ್ತಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಾಗಮಂಗಲದವರೂ ಕೃಷ್ಣರಾಜಪೇಟೆಯವರೂ ಹೇಮಾವತಿಯ ಗೊರೂರಿನ ಕಡೆಗೂ ಒಂದು ಕಿವಿಯನ್ನು ಇಟ್ಟಿರುತ್ತಾರೆ. ಮಟ್ಟವೊಂದನ್ನೇ ಕೇಳಿ ಸುಮ್ಮನಾಗುವವನು ಇನ್ನೂ ಎಳಸು. ಒಳಹರಿವು ಹೊರಹರಿವುಗಳನ್ನೂ ಕೇಳಿ ತಿಳಿದವನು ಮಾತ್ರ ನಾಳೆಯ ಮಟ್ಟವನ್ನು ಇಂದೇ ಹೇಳಬಲ್ಲ.

ಈ ಹಳೆಯ ವಿದ್ಯೆಗೆ ಈಗ ಮನೆಯೊಳಗೇ ಒಂದು ಹೊಸ ಉಪಯೋಗ ಒದಗಿದೆ. ಮನೆಯ ಮೂಲೆಯಲ್ಲಿ ಗಾಜಿನ ಪಕ್ಕೆಯ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಅದರೊಳಗೆ ಎರಡು ಕೊಳವೆಗಳು, ಒಂದು ಪುಟ್ಟ ಪಂಪು, ಸಣ್ಣ ಜಾಲರಿಯಂತಹ ರೇಡಿಯೇಟರು, ಅದಕ್ಕೆ ಗಾಳಿ ಬೀಸುವ ಎರಡೋ ಮೂರೋ ಫ್ಯಾನುಗಳು. ನೀರಿನಿಂದ ತಂಪಾಗುವ ಗಣಕಯಂತ್ರವೆಂದರೆ ಇದೇ. ಚಲನಚಿತ್ರದ ಸಂಕಲನ, ಕಟ್ಟಡಗಳ ನಕ್ಷೆ, ಭಾರಿ ಲೆಕ್ಕಾಚಾರ, ಆಟ ಎಂದು ಒಂದಲ್ಲ ಒಂದು ನೆಪದಿಂದ ಕಾಲೇಜಿನ ತರುಣರು ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಅಂಚೆಯ ಮೂಲಕವೋ ತರಿಸಿ ಇಂತಹ ಯಂತ್ರವನ್ನು ತಾವೇ ಜೋಡಿಸಿಕೊಳ್ಳುವುದುಂಟು. ಜಗಲಿಯ ಮೇಲೆ ಕುಳಿತ ಮನೆಯ ಹಿರಿಯರು ಇದನ್ನು ಕಂಡು, “ಏನ್ಲಾ ಮೊಗಾ, ಆ ಪೆಟ್ಗೆಗೂ ನೀರಾವರಿ ಮಾಡ್ಬುಟ್ಟಾ?” ಎಂದು ಕೇಳಿದರೆ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಪ್ರಶ್ನೆ ಸಮಂಜಸವಾದುದೇ. ವಿದ್ಯುತ್ತಿನಿಂದ ನಡೆಯುವ ಯಂತ್ರದೊಳಕ್ಕೆ ನೀರನ್ನು ಬಿಡುವ ಸಾಹಸವೇಕೆ? ಬಿಟ್ಟ ಮೇಲೆ, ಅದು ನಿಜವಾಗಿಯೂ ತಂಪಾಗಿದೆಯೆಂದು ತಿಳಿಯುವುದು ಹೇಗೆ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದುದು.

ಇಸ್ತ್ರಿಪೆಟ್ಟಿಗೆಗಿಂತ ಬಿಸಿ

ಮನೆಯ ಇಸ್ತ್ರಿಪೆಟ್ಟಿಗೆ ಸುಮಾರು 1,000 ವಾಟ್ ವಿದ್ಯುತ್ತನ್ನು ಕುಡಿಯುತ್ತದೆ. ಆದರೆ ಅದರ ತಳ ಅಂಗೈಗಿಂತಲೂ ಅಗಲ, ಸುಮಾರು 200 ಚದರ ಸೆಂಟಿಮೀಟರು. ಎಂದರೆ ಒಂದೊಂದು ಚದರ ಸೆಂಟಿಮೀಟರಿಗೆ ಬಂದ ಪಾಲು 5 ವಾಟ್. ಗಣಕದ ಮಿದುಳೆನಿಸಿದ ಪ್ರೊಸೆಸರು ಪೂರ್ಣ ದುಡಿಮೆಯಲ್ಲಿದ್ದಾಗ 150 ವಾಟನ್ನು ಸುಲಭವಾಗಿ ನುಂಗುತ್ತದೆ; ಕೆಲವು 250ನ್ನೂ ದಾಟುತ್ತವೆ. ನುಂಗಿದ್ದೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳಬೇಕು; ಲೆಕ್ಕದ ಉತ್ತರದೊಡನೆ ವಿದ್ಯುಚ್ಛಕ್ತಿಯೇನೂ ಹೊರಟುಹೋಗುವುದಿಲ್ಲ. ಆ ಶಾಖವೆಲ್ಲ ಹುಟ್ಟುವ ಸಿಲಿಕಾನ್ ಬಿಲ್ಲೆಯಾದರೋ ಹೆಬ್ಬೆರಳಿನ ಉಗುರಿನಷ್ಟು. ಎರಡು ಚದರ ಸೆಂಟಿಮೀಟರಿನ ಬಿಲ್ಲೆಯಲ್ಲಿ 150 ವಾಟ್ ಎಂದರೆ ಚದರ ಸೆಂಟಿಮೀಟರಿಗೆ 75 ವಾಟ್ ಆಯಿತು, ಇಸ್ತ್ರಿಪೆಟ್ಟಿಗೆಯ ಹದಿನೈದು ಪಾಲು! ಈ ಶಾಖವನ್ನು ಕೂಡಲೇ ಸಾಗಿಸದಿದ್ದರೆ ಬಿಲ್ಲೆ ಕೆಲವೇ ಸೆಕೆಂಡುಗಳಲ್ಲಿ ತಡೆಯಲಾರದಷ್ಟು ಕಾಯುತ್ತದೆ.

ನೀರು ಶಾಖವನ್ನು ಹೊರುವ ಕೂಲಿ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೌಲ್ ಬೇಕು. ಸಾಮಾನ್ಯ ದ್ರವಗಳಲ್ಲಿ ಇಷ್ಟು ಹೊರೆಯನ್ನು ಹೊರುವುದು ಬೇರಿಲ್ಲವೆಂದೇ ಹೇಳಬೇಕು. ಆದ್ದರಿಂದಲೇ ದೊಡ್ಡ ಗಣಕಗಳ ಚರಿತ್ರೆಯಲ್ಲಿ ನೀರಿನ ಕೊಳವೆಗಳು ಹೊಸವಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಭಾರಿ ಯಂತ್ರಗಳೊಳಗೆ ನೀರು ಓಡಾಡಿತ್ತು. 1985ರ ಕ್ರೇ-2 ಎಂಬ ಯಂತ್ರವನ್ನಂತೂ, ವಿದ್ಯುತ್ತನ್ನು ಹರಿಯಗೊಡದ ಒಂದು ವಿಶೇಷ ದ್ರವದಲ್ಲಿ ಇಡಿಯಾಗಿಯೇ ಮುಳುಗಿಸಿಟ್ಟಿದ್ದರು. ನಮ್ಮ ನಾಡಿನ ಉದಾಹರಣೆಯೇ ಬೇಕೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಯ ಅಂಗವಾಗಿ 2022ರ ಜನವರಿಯಲ್ಲಿ ಅಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಸಾಮರ್ಥ್ಯದ್ದು. ಎಂದರೆ ಸೆಕೆಂಡಿಗೆ 3.3 ಸಾವಿರ ಲಕ್ಷಕೋಟಿ ಲೆಕ್ಕಗಳು. ಅದರ ಪ್ರೊಸೆಸರುಗಳ ನೆತ್ತಿಯ ಮೇಲೆಯೇ ದ್ರವವನ್ನು ಹರಿಸಿ ತಂಪುಮಾಡುವ ಏರ್ಪಾಡು ಅದಕ್ಕಿದೆ. ಸೋಜಿಗವೆಂದರೆ, ಇಂತಹ ಯಂತ್ರಗಳಿಗೆ ಹಿಮದಂತಹ ನೀರು ಬೇಕಾಗಿಲ್ಲ. ಬಿಲ್ಲೆಯೇ 80 ಡಿಗ್ರಿ ಕಾದಿರುವಾಗ ಕೈಗೆ ಬೆಚ್ಚಗೆ ಹತ್ತುವ ನೀರೂ ಅದರ ಪಾಲಿಗೆ ತಣ್ಣೀರೇ!

ಮನೆಯ ಯಂತ್ರಕ್ಕೆ ಈ ವಿದ್ಯೆ ಬಂದುದು ಹವ್ಯಾಸಿಗಳಿಂದ. 1990ರ ದಶಕದ ಕೊನೆಯ ಸುಮಾರಿಗೆ ಪರದೇಶದ ಕೆಲವರು ಹಳೆಯ ಮೋಟಾರುಕಾರುಗಳ ರೇಡಿಯೇಟರನ್ನೂ ಮೀನಿನ ತೊಟ್ಟಿಯ ಪಂಪನ್ನೂ ಸೇರಿಸಿ ಕಟ್ಟಿದ ಹಂಚಿಕೆಗಳೇ ಇಂದು ಅಚ್ಚುಕಟ್ಟಾದ ಪೆಟ್ಟಿಗೆಗಳಲ್ಲಿ ಅಂಗಡಿಗೆ ಬರುತ್ತಿವೆ.

ಬಿಲ್ಲೆಯೊಳಗಿನ ಉಷ್ಣಮಾಪಕ

ಉಗುರಿನಷ್ಟು ಬಿಲ್ಲೆ ಎಷ್ಟು ಬಿಸಿಯಾಗಿದೆಯೆಂದು ನೋಡುವುದು ಹೇಗೆ? ಮೇಲೆ ಲೋಹದ ಮುಚ್ಚಳ, ಅದರ ಮೇಲೆ ತಾಮ್ರದ ದಿಂಡು, ಅದರ ಮೇಲೆ ನೀರು. ಬೆರಳಿಡಲು ಜಾಗವೇ ಇಲ್ಲ. ಮೊದಮೊದಲು ಪ್ರೊಸೆಸರನ್ನು ಕೂರಿಸುವ ಗೂಡಿನ ನಡುವೆ, ಅದರ ಅಡಿಗೆ ತಾಗುವಂತೆ, ಒಂದು ಥರ್ಮಿಸ್ಟರನ್ನು ನಿಲ್ಲಿಸುತ್ತಿದ್ದರು. ಕಂಬಳಿ ಹೊದ್ದು ಮಲಗಿದವನ ಜ್ವರವನ್ನು ಕಂಬಳಿಯ ಮೇಲೆ ಕೈಯಿಟ್ಟು ನೋಡಿದಂತೆ ಅದು. ಅಂಕಿ ಕಡಿಮೆ ತೋರುತ್ತಿತ್ತು; ತಡವಾಗಿಯೂ ತೋರುತ್ತಿತ್ತು.

ಬಳಿಕ ಬಿಲ್ಲೆಯೊಳಗೇ ಒಂದು ಡಯೋಡನ್ನು ಅಡಗಿಸಿಡುವ ಪದ್ಧತಿ ಬಂದಿತು. ಸಿಲಿಕಾನ್ ಡಯೋಡಿಗೆ ಒಂದು ಸ್ವಭಾವವುಂಟು. ಒಂದೇ ಪ್ರಮಾಣದ ವಿದ್ಯುತ್ ಪ್ರವಾಹ ಹರಿಯುತ್ತಿರುವಾಗ ಅದರ ಎರಡು ತುದಿಗಳ ನಡುವಣ ವೋಲ್ಟೇಜು, ಉಷ್ಣತೆ ಒಂದು ಡಿಗ್ರಿ ಏರಿದಾಗಲೆಲ್ಲ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಆ ಇಳಿತವನ್ನು ಅಳೆದರೆ ಉಷ್ಣತೆ ತಿಳಿಯುತ್ತದೆ. ಆದರೆ ಒಂದು ಡಯೋಡಿನಂತೆ ಇನ್ನೊಂದು ಇರುವುದಿಲ್ಲ. ತಯಾರಿಕೆಯಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಸೊಗಸಾದುದು. ಅದೇ ಡಯೋಡಿನ ಮೂಲಕ ಮೊದಲು ಸಣ್ಣ ಪ್ರವಾಹವನ್ನೂ ಆಮೇಲೆ ಅದರ ಹಲವು ಪಾಲು ದೊಡ್ಡ ಪ್ರವಾಹವನ್ನೂ ಹರಿಸಿ, ಎರಡು ವೋಲ್ಟೇಜುಗಳ ಅಂತರವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಡಯೋಡಿನ ಹುಟ್ಟುದೋಷ ಎರಡು ಕಡೆಯಲ್ಲಿಯೂ ಒಂದೇ ಆದ್ದರಿಂದ ಕಳೆಯುವಾಗ ಮಾಯವಾಗುತ್ತದೆ. ಉಳಿಯುವ ಅಂತರ ನಿರಪೇಕ್ಷ ಉಷ್ಣತೆಗೆ ಸರಿಯಾದ ಅನುಪಾತದಲ್ಲಿರುತ್ತದೆ.

2006ರ ಸುಮಾರಿಗೆ ಇಂಟೆಲ್ ಸಂಸ್ಥೆಯ ಕೋರ್ ವಂಶದ ಪ್ರೊಸೆಸರುಗಳಲ್ಲಿ ಒಂದೊಂದು ‘ಕೋರ್’ಗೂ ಒಂದೊಂದು ಅಂಕೀಯ ಉಷ್ಣಮಾಪಕವೇ ಬಂದಿತು. ಇಲ್ಲಿ ಕನ್ನಂಬಾಡಿಯ ಜನಕ್ಕೆ ತಟ್ಟನೆ ಅರ್ಥವಾಗುವ ಒಂದು ಮಾತಿದೆ. ಈ ಮಾಪಕ ನೇರವಾಗಿ ಉಷ್ಣತೆಯನ್ನು ಹೇಳುವುದೇ ಇಲ್ಲ! ಭರ್ತಿಗೆ ಇನ್ನು ಎಷ್ಟು ಬಾಕಿ ಎಂಬುದನ್ನಷ್ಟೇ ಹೇಳುತ್ತದೆ. ಬಿಲ್ಲೆ ತಡೆದುಕೊಳ್ಳಬಲ್ಲ ಗರಿಷ್ಠ ಉಷ್ಣತೆಯನ್ನು ತಯಾರಕರು ಗೊತ್ತುಮಾಡಿರುತ್ತಾರೆ, ಅನೇಕ ಮಾದರಿಗಳಿಗೆ ಅದು 100 ಡಿಗ್ರಿ. ಮಾಪಕ “30 ಬಾಕಿ” ಎಂದರೆ, ಪರದೆಯ ಮೇಲೆ ಅಂಕಿ ತೋರುವ ತಂತ್ರಾಂಶ 100ರಿಂದ 30ನ್ನು ಕಳೆದು “70” ಎಂದು ಬರೆಯುತ್ತದೆ. ಗರಿಷ್ಠ ಮಿತಿಯನ್ನೇ ತಂತ್ರಾಂಶ ತಪ್ಪಾಗಿ ಊಹಿಸಿದ್ದರೆ? ಭರ್ತಿಮಟ್ಟ 124.80 ಅಡಿ ಎಂಬುದನ್ನರಿಯದೆ 110 ಎಂದುಕೊಂಡವನು, “ಇನ್ನು ಹತ್ತಡಿ ಬಾಕಿ” ಎಂಬ ಮಾತಿನಿಂದ ಕಟ್ಟೆಯಲ್ಲಿ ನೂರಡಿ ನೀರಿದೆಯೆಂದು ಲೆಕ್ಕ ಹಾಕಿದಂತೆ ಆಗುತ್ತದೆ. ಹಿಂದೊಮ್ಮೆ ಒಂದೇ ಯಂತ್ರಕ್ಕೆ ಎರಡು ತಂತ್ರಾಂಶಗಳು ಬೇರೆ ಬೇರೆ ಅಂಕಿಯನ್ನು ತೋರಿಸಿ ಹವ್ಯಾಸಿಗಳನ್ನು ಕಂಗೆಡಿಸುತ್ತಿದ್ದುದು ಈ ಕಾರಣದಿಂದಲೇ.

ಇನ್ನೊಂದು ಮಾತು. ಈ ಮಾಪಕಗಳನ್ನು ಮುಖ್ಯವಾಗಿ ಕಾವಲಿಗೆಂದು ಇಟ್ಟಿರುವುದೇ ಹೊರತು ಪ್ರಯೋಗಶಾಲೆಯ ಅಳತೆಗೆಂದಲ್ಲ. ಮಿತಿಯ ಸಮೀಪದಲ್ಲಿ ಅವು ನಂಬಿಕೆಗೆ ಅರ್ಹ. ಯಂತ್ರ ಸುಮ್ಮನಿರುವಾಗ ತೋರುವ 30, 35ರ ಅಂಕಿಗಳನ್ನು ಅಷ್ಟು ಗಟ್ಟಿಯೆಂದು ಹಿಡಿಯಬಾರದು. ಕೊಠಡಿಯೇ 32 ಡಿಗ್ರಿ ಇರುವಾಗ ಒಳಗಿನ ಕೋರ್ ಒಂದು 28 ಎಂದು ತೋರಿಸಿದರೆ ಯಂತ್ರ ಪವಾಡ ಮಾಡುತ್ತಿದೆಯೆಂದಲ್ಲ, ಮಾಪಕ ತೂಕಡಿಸುತ್ತಿದೆಯೆಂದು ತಿಳಿಯಬೇಕು.

ಅಂಕಿಯ ಮಾಯೆ

2017ರ ಮಾರ್ಚಿಯಲ್ಲಿ ಎಎಂಡಿ ಸಂಸ್ಥೆಯ ರೈಜೆನ್ ಪ್ರೊಸೆಸರುಗಳು ಮಾರುಕಟ್ಟೆಗೆ ಬಂದಾಗ ನಡೆದ ಸಂಗತಿಯೊಂದು ಸ್ವಾರಸ್ಯವಾಗಿದೆ. 1700ಎಕ್ಸ್, 1800ಎಕ್ಸ್ ಎಂಬ ಮಾದರಿಗಳನ್ನು ಕೊಂಡವರು ಪರದೆಯ ಮೇಲಿನ ಅಂಕಿಯನ್ನು ನೋಡಿ ಗಾಬರಿಯಾದರು. ಎಷ್ಟು ತಂಪುಮಾಡಿದರೂ ಯಂತ್ರ ಬಿಸಿಯೆಂದೇ ತೋರುತ್ತಿತ್ತು. ಆಮೇಲೆ ಸಂಸ್ಥೆಯೇ ವಿವರಣೆ ಕೊಟ್ಟಿತು: ಆ ಮಾದರಿಗಳು ನಿಜವಾದ ಉಷ್ಣತೆಗೆ 20 ಡಿಗ್ರಿಯನ್ನು ಕೂಡಿಸಿಯೇ ಹೇಳುವಂತೆ ಏರ್ಪಡಿಸಿದೆ, ಎಲ್ಲ ಮಾದರಿಗಳ ಫ್ಯಾನುಗಳೂ ಒಂದೇ ರೀತಿಯಲ್ಲಿ ವರ್ತಿಸಲೆಂಬುದು ಅದರ ಉದ್ದೇಶ. ಪರದೆಯ ಮೇಲಿನ 78, ಬಿಲ್ಲೆಯೊಳಗೆ ಬರಿಯ 58 ಆಗಿತ್ತು! ಈ ನಡುವೆ ಹೊಸ ಕೂಲರಿಗೆ ಹಣ ತೆತ್ತವರು ಎಷ್ಟು ಮಂದಿಯೋ ದೇವರೇ ಬಲ್ಲ.

2022ರಲ್ಲಿ ಬಂದ ಅದೇ ಸಂಸ್ಥೆಯ ರೈಜೆನ್ 7000 ಸಾಲಿನ ರೀತಿಯೇ ಬೇರೆ. ಭಾರಿ ಕೆಲಸ ಕೊಟ್ಟರೆ 95 ಡಿಗ್ರಿಯವರೆಗೂ ಏರಿ ಅಲ್ಲಿಯೇ ನಿಲ್ಲುವಂತೆ ಅದನ್ನು ರೂಪಿಸಿದ್ದಾರೆ. ಅದು ಜ್ವರವಲ್ಲ, ಅದರ ಸಹಜವಾದ ಮೈಬಿಸಿ. ಇದಕ್ಕಿಂತ ಉತ್ತಮವಾದ ನೀರಿನ ಏರ್ಪಾಡನ್ನು ಅಳವಡಿಸಿದರೂ ಅಂಕಿ ಇಳಿಯಬೇಕೆಂದಿಲ್ಲ. ದೊರೆತ ತಂಪನ್ನು ಯಂತ್ರ ಇನ್ನಷ್ಟು ವೇಗವಾಗಿ ಓಡಲು ಬಳಸಿಕೊಂಡುಬಿಡುತ್ತದೆ. ಇಂತಹ ಯಂತ್ರದಲ್ಲಿ ಉಷ್ಣತೆಯೊಂದನ್ನೇ ನೋಡಿ ತೀರ್ಮಾನ ಕೊಡುವುದೆಂದರೆ, ತೂಬನ್ನು ಪೂರ್ತಿ ತೆರೆದಿಟ್ಟು ಕಟ್ಟೆಯ ಮಟ್ಟ ಏಕೆ ಏರಲಿಲ್ಲವೆಂದು ಕೇಳಿದಂತೆ. ಅಲ್ಲಿ ವೇಗವನ್ನೂ ವಾಟುಗಳನ್ನೂ ಜೊತೆಗಿಟ್ಟು ಓದಬೇಕು.

ಇಲ್ಲಿ ಒಂದು ಅಭಯವನ್ನೂ ಹೇಳಬೇಕು. ಇಂದಿನ ಪ್ರೊಸೆಸರು ಮಿತಿಯನ್ನು ಮುಟ್ಟಿದ ಕೂಡಲೇ ತಾನೇ ನಡಿಗೆಯನ್ನು ನಿಧಾನಮಾಡುತ್ತದೆ; ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಬಿಸಿಯಿಂದ ಬಿಲ್ಲೆ ಸುಟ್ಟುಹೋಯಿತೆಂಬ ಸುದ್ದಿ ಈಗ ಅಪರೂಪ. ಆದರೆ ಮೂರು ಗಂಟೆ ನಡೆದ ಲೆಕ್ಕ ನಡುವೆಯೇ ಕಡಿದುಹೋಗುವುದು, ಮರುದಿನ ಒಪ್ಪಿಸಬೇಕಾದ ನಕ್ಷೆ ಅರ್ಧರಾತ್ರಿಯಲ್ಲಿ ಮಾಯವಾಗುವುದು ಅಪರೂಪವೇನಲ್ಲ. ಮನೆಮಂದಿ ಒಂದು ವರ್ಷ ಉಳಿಸಿ ಕೊಡಿಸಿದ ಯಂತ್ರದ ವಿಷಯದಲ್ಲಿ ಇದು ಸಣ್ಣ ನಷ್ಟವೆನ್ನಲಾಗದು.

ಕೊಠಡಿಯನ್ನು ಮರೆಯಬಾರದು

ಉಷ್ಣತೆಯನ್ನು ಅಳೆಯುವವರು ಸಾಮಾನ್ಯವಾಗಿ ಮರೆಯುವುದು ತಾವು ಕುಳಿತ ಕೊಠಡಿಯನ್ನು. ಮಂಡ್ಯ ಸೀಮೆಯಲ್ಲಿ ಏಪ್ರಿಲಿನ ಮಧ್ಯಾಹ್ನ ಗಾಳಿಯ ಉಷ್ಣತೆ 35 ಡಿಗ್ರಿಯನ್ನು ದಾಟುವುದುಂಟು. ಡಿಸೆಂಬರಿನ ಬೆಳಗಿನ ಜಾವದಲ್ಲಿ ಅದರ ಅರ್ಧದ ಸುಮಾರಿಗೆ ಇಳಿಯುವುದೂ ಉಂಟು. ರೇಡಿಯೇಟರು ನೀರನ್ನು ಕೊಠಡಿಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಯೇ ಅದರ ನೆಲಗಟ್ಟು. ಆದ್ದರಿಂದ ಡಿಸೆಂಬರಿನಲ್ಲಿ 55 ತೋರಿದ ಯಂತ್ರ ಏಪ್ರಿಲಿನಲ್ಲಿ 72 ತೋರಿದರೆ ಯಂತ್ರಕ್ಕೆ ಏನೂ ಆಗಿಲ್ಲ, ಋತು ಬದಲಾಗಿದೆ ಅಷ್ಟೆ. ಮೈಸೂರಿನ ಗೆಳೆಯನೊಬ್ಬ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು “ನನ್ನದು 60” ಎಂದು ಜಂಭ ಕೊಚ್ಚಿದರೆ, ಕೃಷ್ಣರಾಜಪೇಟೆಯ ಹೆಂಚಿನ ಮನೆಯವನು ಕುಗ್ಗಬೇಕಾಗಿಲ್ಲ. ಹೋಲಿಸಬೇಕಾದುದು ಉಷ್ಣತೆಯನ್ನಲ್ಲ, ಕೊಠಡಿಗಿಂತ ಅದು ಎಷ್ಟು ಹೆಚ್ಚು ಎಂಬುದನ್ನು.

ಸುತ್ತಲಿನ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದ ಅಳತೆ ಅಳತೆಯೇ ಅಲ್ಲವೆಂಬ ತಿಳಿವು ಈ ನೆಲಕ್ಕೆ ಬಂದು ಇನ್ನೂರು ವರ್ಷಗಳು ಕಳೆದುವು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದನು. ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿದ್ದ ಕಾಲ ಅದು. ಟಿಪ್ಪುಸುಲ್ತಾನನ ರಾಜ್ಯ ಬಿದ್ದ ಮೇಲೆ, 1800ರಲ್ಲಿ, ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಮುಂದೆ ಇಡೀ ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಪೀಠಿಕೆ ಅದೇ. ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಬಿಸಿಲು ತಾಗದಂತೆ ನೆರಳು ಮಾಡಿ, ಪ್ರತಿ ಅಳತೆಗೂ ಉಷ್ಣತೆಯನ್ನು ಬರೆದಿಟ್ಟುಕೊಳ್ಳುತ್ತಿದ್ದನು. ಏಕೆಂದರೆ ಹತ್ತು ಡಿಗ್ರಿ ಬಿಸಿಯೇರಿದರೆ ನೂರಡಿ ಉಕ್ಕು ಸುಮಾರು ಮೂರೂವರೆ ಮಿಲಿಮೀಟರು ಹಿಗ್ಗುತ್ತದೆ. ಅಷ್ಟನ್ನು ಅಲಕ್ಷಿಸಿದ್ದರೆ ರೇಖೆಯ ಕೊನೆಗೆ ಒಂದು ಮೀಟರಿಗೂ ಹೆಚ್ಚಿನ ತಪ್ಪು! ಗಣಕಯಂತ್ರದ ಪಕ್ಕದಲ್ಲಿ ಗೋಡೆಯ ಉಷ್ಣಮಾಪಕವೊಂದನ್ನು ತೂಗುಹಾಕುವುದು ಇದರ ಮುಂದೆ ಏನು ಮಹಾ ಕೆಲಸ? ಆದರೆ ಅದನ್ನು ಯಂತ್ರದ ಬಿಸಿಗಾಳಿ ಹೊರಡುವ ಕಡೆಗೆ ತೂಗುಹಾಕಬಾರದು. ಗಾಳಿ ಒಳಕ್ಕೆ ಹೋಗುವ ಕಡೆಗೆ ಹಾಕಬೇಕು.

ಎರಡು ಅಂತರಗಳು

ಬಿಲ್ಲೆಯ ಉಷ್ಣತೆಯೂ ಕೊಠಡಿಯ ಉಷ್ಣತೆಯೂ ತಿಳಿದವು. ಇವೆರಡರ ನಡುವೆ ನೀರಿದೆ. ಅದರ ಉಷ್ಣತೆಯೂ ತಿಳಿದರೆ ರೋಗಪರೀಕ್ಷೆ ಪೂರ್ಣವಾದಂತೆ. ಕೊಳವೆಯ ದಾರಿಯಲ್ಲಿ ತಿರುಪಿನಂತೆ ಕೂರಿಸುವ ಪುಟ್ಟ ಥರ್ಮಿಸ್ಟರುಗಳು ಇದಕ್ಕಾಗಿಯೇ ದೊರೆಯುತ್ತವೆ. 25 ಡಿಗ್ರಿಯಲ್ಲಿ ಅವುಗಳ ವಿದ್ಯುತ್ ರೋಧ 10,000 ಓಮ್, ಬಿಸಿಯಾದಂತೆ ಅದು ಇಳಿಯುತ್ತದೆ.

ಒಂದೇ ಬಗೆಯ ಕೆಲಸ ಮಾಡುತ್ತಿರುವ ಎರಡು ಯಂತ್ರಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲಿಯೂ ಬಿಲ್ಲೆ 84 ಡಿಗ್ರಿ, ಕೊಠಡಿ 32. ಪರದೆಯನ್ನು ಮಾತ್ರ ನೋಡುವವನಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ನೀರು 38 ಡಿಗ್ರಿ, ಎರಡನೆಯದರಲ್ಲಿ 60. ಮೊದಲನೆಯದರಲ್ಲಿ ನೀರಿಗೂ ಕೊಠಡಿಗೂ ಅಂತರ ಬರಿಯ 6; ರೇಡಿಯೇಟರು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಬಿಲ್ಲೆಗೂ ನೀರಿಗೂ ನಡುವೆ 46 ಡಿಗ್ರಿ! ಶಾಖ ನೀರನ್ನು ಸೇರಲಾರದೆ ಅಲ್ಲಿಯೇ ಒದ್ದಾಡುತ್ತಿದೆ. ತಾಮ್ರದ ದಿಂಡು ಸರಿಯಾಗಿ ಕುಳಿತಿಲ್ಲ, ಇಲ್ಲವೇ ನಡುವೆ ಸವರುವ ಉಷ್ಣಲೇಪ ಒಣಗಿದೆ, ಇಲ್ಲವೇ ದಿಂಡಿನೊಳಗಿನ ಸೂಕ್ಷ್ಮವಾದ ಸಂದುಗಳಲ್ಲಿ ಕಸ ಕಟ್ಟಿದೆ. ಉಷ್ಣಲೇಪವೆಂದರೆ ಔಷಧವಲ್ಲ, ಎರಡು ಲೋಹದ ಮೈಗಳ ನಡುವಣ ಗಾಳಿಯನ್ನು ಹೊರದಬ್ಬಲೆಂದು ಹಚ್ಚುವ ಪಿಷ್ಟ. ಶಾಖವನ್ನು ಸಾಗಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಾಲು ಮಂದ. ಕೂದಲೆಳೆಯಷ್ಟು ಗಾಳಿ ಸಿಕ್ಕಿಕೊಂಡರೂ ಸಾಕು, ಶಾಖಕ್ಕೆ ದಾರಿ ಕಟ್ಟುತ್ತದೆ.

ಎರಡನೆಯ ಯಂತ್ರದ ಕಥೆ ಬೇರೆ. ಅಲ್ಲಿ ಬಿಲ್ಲೆಗೂ ನೀರಿಗೂ ಅಂತರ 24 ಮಾತ್ರ, ಕೂಡಿಕೆ ಚೆನ್ನಾಗಿದೆ. ನೀರಿಗೂ ಕೊಠಡಿಗೂ ಅಂತರ 28, ದೋಷವಿರುವುದು ರೇಡಿಯೇಟರಿನಲ್ಲಿ. ಫ್ಯಾನು ನಿಂತಿರಬಹುದು. ಜಾಲರಿಯಲ್ಲಿ ಧೂಳು ತುಂಬಿರಬಹುದು. ಒಕ್ಕಣೆಯ ಕಾಲದಲ್ಲಿ ರಸ್ತೆ ಬದಿಯ ಮನೆಗಳಿಗೆ ಬರುವ ಧೂಳು ಎಷ್ಟೆಂಬುದು ಹೊಸ್ತಿಲು ಗುಡಿಸುವವರಿಗೆ ಗೊತ್ತು. ಮನೆಯ ಯಂತ್ರಗಳ ಪಂಪು, ಕೊಳವೆಗಳು ಸಾಮಾನ್ಯವಾಗಿ 60 ಡಿಗ್ರಿಯ ಸುಮಾರಿನ ನೀರಿಗೇ ಸೋಲುವುವಾದ್ದರಿಂದ ಇದನ್ನು ಬೇಗ ಸರಿಪಡಿಸಬೇಕು. ಮೊದಲನೆಯವನು ಹೊಸ ರೇಡಿಯೇಟರನ್ನೂ ಎರಡನೆಯವನು ಹೊಸ ಲೇಪವನ್ನೂ ಕೊಂಡುತಂದರೆ ಇಬ್ಬರ ಹಣವೂ ನೀರಿನಲ್ಲಿ ಹೋಮ.

ದಿಂಡಿನಿಂದ ಹೊರಬರುವ ನೀರು ಕುದಿಯುತ್ತಿರುತ್ತದೆಂದೂ ರೇಡಿಯೇಟರನ್ನು ದಾಟಿದ ಮೇಲೆ ತಣ್ಣಗಾಗುತ್ತದೆಂದೂ ಅನೇಕರ ಭಾವನೆ. ಲೆಕ್ಕ ಮಾಡಿ ನೋಡಿದರೆ ಹಾಗಿಲ್ಲ. ನಿಮಿಷಕ್ಕೆ ಒಂದು ಲೀಟರು ನೀರು ಹರಿದರೆ, ಅದನ್ನು ಒಂದು ಡಿಗ್ರಿ ಏರಿಸಲು 70 ವಾಟ್ ಬೇಕು. ಎಂದರೆ 210 ವಾಟಿನ ಪ್ರೊಸೆಸರು ಆ ನೀರನ್ನು ಏರಿಸುವುದು 3 ಡಿಗ್ರಿ. ಹರಿವು ಮೂರು ಲೀಟರಾದರೆ ಒಂದೇ ಡಿಗ್ರಿ! ಸುತ್ತಿನಲ್ಲಿ ಎಲ್ಲಿ ಅಳೆದರೂ ನೀರಿನ ಉಷ್ಣತೆ ಹೆಚ್ಚುಕಡಿಮೆ ಒಂದೇ. ಒಳಬರುವ, ಹೊರಹೋಗುವ ನೀರಿನ ಅಂತರವನ್ನು ಅಳೆದು ವಾಟುಗಳನ್ನು ಕಂಡುಹಿಡಿಯುತ್ತೇನೆಂದು ಹೊರಟವನು ಇಲ್ಲಿಯೇ ಎಡವುತ್ತಾನೆ. ಅಗ್ಗದ ಥರ್ಮಿಸ್ಟರಿನ ತಪ್ಪೇ ಒಂದು ಡಿಗ್ರಿ. ಅಳೆಯಬೇಕಾದ ಅಂತರವೂ ಒಂದು ಡಿಗ್ರಿ. ಚಿನ್ನವನ್ನು ಕಬ್ಬು ತೂಗುವ ತೂಕದ ಸೇತುವೆಯಲ್ಲಿ ತೂಗಿದ ಹಾಗೆ.

ಇದಕ್ಕೆ ಮನೆಯಲ್ಲಿಯೇ ಮದ್ದಿದೆ. ಎರಡು ಮಾಪಕಗಳನ್ನೂ ಕೂರಿಸುವ ಮುನ್ನ ಒಂದೇ ಲೋಟದ ನೀರಿನಲ್ಲಿ ಮುಳುಗಿಸಿ, ಚೆನ್ನಾಗಿ ಕಲಕಿ, ಎರಡೂ ಏನು ಹೇಳುತ್ತವೆಯೆಂದು ನೋಡಬೇಕು. ಒಂದೇ ನೀರಿಗೆ ಒಂದು 31 ಎಂದೂ ಇನ್ನೊಂದು 31.8 ಎಂದೂ ಹೇಳಿದರೆ ಆ 0.8ನ್ನು ಬರೆದಿಟ್ಟುಕೊಂಡು ಮುಂದೆ ಕಳೆಯಬೇಕು. ಚೂರುಮಾಡಿದ ಮಂಜುಗಡ್ಡೆ ಕರಗುತ್ತಿರುವ ನೀರು 0 ಡಿಗ್ರಿ. ಮೇಲಿನ ತುದಿಗೆ ಮನೆಯ ಜ್ವರಮಾಪಕವೇ ಉಂಟು. ಸುಮಾರು 40 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಅದನ್ನೂ ಥರ್ಮಿಸ್ಟರನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಕುದಿಯುವ ನೀರನ್ನು 100 ಡಿಗ್ರಿಯೆಂದು ಹಿಡಿಯುವವರು ಮಾತ್ರ ಎಚ್ಚರವಾಗಿರಬೇಕು. ಪಾಠಪುಸ್ತಕದ 100 ಡಿಗ್ರಿ ಸಮುದ್ರತೀರದ ಲೆಕ್ಕ. ಈ ತಾಲ್ಲೂಕುಗಳಿರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಮೇಲೆ. ಇಲ್ಲಿ ನೀರು ಕುದಿಯುವುದು 97ಕ್ಕೂ 98ಕ್ಕೂ ನಡುವೆ. ಒಳ್ಳೆಯ ಮಾಪಕವನ್ನು ಕೆಟ್ಟದ್ದೆಂದು ಎಸೆದವರು ಹೀಗೂ ಉಂಟು.

ಆಲೆಮನೆಯ ತಾಳ್ಮೆ

ಪಾಂಡವಪುರ, ಶ್ರೀರಂಗಪಟ್ಟಣಗಳ ಆಲೆಮನೆಗಳಲ್ಲಿ ಬೆಲ್ಲದ ಪಾಕವನ್ನು ಕೊಪ್ಪರಿಗೆಯಿಂದ ಇಳಿಸುವುದು ಸುಮಾರು 118 ಡಿಗ್ರಿಯಲ್ಲಿ. ಪಾಕ ಇಳಿಸುವ ಅನುಭವಸ್ಥನ ಕೈಯಲ್ಲಿ ಉಷ್ಣಮಾಪಕವಿರುವುದಿಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ, ಹದ ಬಂದಿತೋ ಇಲ್ಲವೋ ಹೇಳಿಬಿಡುತ್ತಾನೆ. ಹದ ಬರುವ ಮುನ್ನ ಅವಸರಪಟ್ಟು ಇಳಿಸುವುದಿಲ್ಲ. ಗಣಕದ ಪರೀಕ್ಷೆಗೂ ಅಂತಹ ತಾಳ್ಮೆ ಬೇಕು.

ಬಿಲ್ಲೆಯ ಉಷ್ಣತೆ ಕೆಲಸ ಕೊಟ್ಟ ಕ್ಷಣದಲ್ಲಿಯೇ ನೆಗೆಯುತ್ತದೆ. ನೀರು ಹಾಗಲ್ಲ. ಸುತ್ತಿನಲ್ಲಿ ಒಂದು ಲೀಟರು ನೀರಿದ್ದು ಪ್ರೊಸೆಸರು 200 ವಾಟ್ ಸುರಿದರೆ, ಶಾಖ ಹೊರಗೆ ಹೋಗುವ ದಾರಿಯೇ ಇಲ್ಲದಿದ್ದರೂ ಒಂದು ಡಿಗ್ರಿ ಏರಲು 21 ಸೆಕೆಂಡು ಬೇಕು. ರೇಡಿಯೇಟರು ಕೆಲಸ ಮಾಡುತ್ತಿದ್ದರಂತೂ ಏರಿಕೆ ಇನ್ನೂ ನಿಧಾನ. ಒಳಹರಿವೂ ಹೊರಹರಿವೂ ಸಮನಾಗಿ ಮಟ್ಟ ನಿಲ್ಲುವುದಕ್ಕೆ ಅರ್ಧ ಗಂಟೆಯಾದರೂ ಹಿಡಿಯಬಹುದು. ಐದು ನಿಮಿಷ ಪರೀಕ್ಷಿಸಿ “ನೋಡಿ, ಎಷ್ಟು ತಂಪು!” ಎಂದು ಹಿಗ್ಗುವವನು ಅರ್ಧ ತುಂಬಿದ ಕಟ್ಟೆಯನ್ನು ನೋಡಿ ಪ್ರವಾಹದ ಭಯವಿಲ್ಲವೆಂದವನ ತಮ್ಮ. ಪರೀಕ್ಷೆಗೆ ಹವ್ಯಾಸಿಗಳು ಬಳಸುವ ‘ಪ್ರೈಮ್95’ ಎಂಬ ತಂತ್ರಾಂಶ ನಿಜವಾಗಿ ಹುಟ್ಟಿದ್ದು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆ. ಗಣಿತಜ್ಞರು ಸಂಖ್ಯೆಗಾಗಿ ನಡೆಸುವ ಲೆಕ್ಕವನ್ನು ಇವರು ಬರಿಯ ಬಿಸಿಗಾಗಿ ನಡೆಸುತ್ತಾರೆ!

ಬೇಸಿಗೆಯಲ್ಲಿ ನೀರಿನ ತೊಟ್ಟಿಗೆ ಮಂಜುಗಡ್ಡೆ ಹಾಕಿದರೇನು ಎಂದು ಕೆಲವರಿಗೆ ತೋರುತ್ತದೆ. ಇದು ಅಪಾಯದ ಯೋಚನೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಮಳೆಗಾಲದಲ್ಲಿ ಗಾಳಿ 26 ಡಿಗ್ರಿಯಿದ್ದು ಅದರ ತೇವ ನೂರಕ್ಕೆ 80 ಇದ್ದರೆ, 22 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ. ಆ ಬೆವರು ಹನಿಯುವುದು ವಿದ್ಯುತ್ ಹರಿಯುವ ಹಲಗೆಯ ಮೇಲೆ.

ಯಾವ ನೀರು?

ನಲ್ಲಿಯ ನೀರಂತೂ ಬೇಡ. ಕೊಳವೆ ಬಾವಿಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಕರೆ ಗಟ್ಟಿಯಾಗಿ ಕೂರುವುದನ್ನು ನಾಗಮಂಗಲದ ಕಡೆಯ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಮ್ರದ ದಿಂಡಿನೊಳಗಿನ ಸಂದುಗಳ ಅಗಲ ಒಂದು ಮಿಲಿಮೀಟರಿನ ಸಣ್ಣದೊಂದು ಭಾಗ. ಅಲ್ಲಿ ಆ ಕರೆಯ ತೆಳುವಾದ ಪದರ ಕೂತರೂ ಸಾಕು. ಇನ್ವರ್ಟರಿನ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಅನೇಕ ಮನೆಗಳಲ್ಲಿ ಇದ್ದೇ ಇರುತ್ತದೆ. ಅದು ಆಗಬಹುದು, ಆದರೆ ಪಾಚಿ ಕಟ್ಟದಂತೆಯೂ ಲೋಹ ಸವೆಯದಂತೆಯೂ ಕಾಯುವ ಔಷಧವನ್ನು ಬೆರೆಸಿರಬೇಕು. ಲೋಹಗಳ ಕುಲವನ್ನೂ ನೋಡಬೇಕು. ಕಂಚು, ಹಿತ್ತಾಳೆಗಳ ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ತಾಮ್ರ ಯಾವುದರೊಡನೆ ಕೂಡುತ್ತದೆಂಬುದು ಹಳೆಯ ವಿದ್ಯೆ. ಗಣಕದಲ್ಲಿಯೂ ತಾಮ್ರ, ಹಿತ್ತಾಳೆಗಳು ಒಂದೇ ನೀರಿನಲ್ಲಿ ಸಾಕಷ್ಟು ಸ್ನೇಹದಿಂದಿರುತ್ತವೆ. ತಾಮ್ರದ ದಿಂಡಿಗೆ ಅಲ್ಯೂಮಿನಿಯಂ ರೇಡಿಯೇಟರನ್ನು ಜೋಡಿಸಿದರೆ ಮಾತ್ರ ನೀರಿನ ಮೂಲಕ ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಕಾರ್ಖಾನೆಯಲ್ಲಿಯೇ ಮುಚ್ಚಿ ಕಳುಹಿಸುವ ಸಿದ್ಧ ಕೂಲರುಗಳಲ್ಲಿ ಈ ಎರಡು ಲೋಹಗಳೂ ಇರುವುದುಂಟು. ಅವುಗಳ ದ್ರವದಲ್ಲಿ ಸವೆತವನ್ನು ತಡೆಯುವ ಔಷಧ ಮೊದಲೇ ಸೇರಿರುವುದರಿಂದ ಅದನ್ನು ಬಿಚ್ಚಿ ಬೇರೆ ನೀರು ತುಂಬುವ ಹುಮ್ಮಸ್ಸು ಬೇಡ.

ನೀರಾವರಿಯೆಂದು ಹಾಸ್ಯ ಮಾಡಿದ ಹಿರಿಯರಿಗೆ ಕೊಡಬಹುದಾದ ಉತ್ತರವೂ ಇಲ್ಲಿದೆ. ಮುಚ್ಚಿದ ಸುತ್ತಿನಲ್ಲಿ ಓಡುವ ನೀರು ಒಂದು ತಂಬಿಗೆಯಷ್ಟು. ಅದೇ ನೀರು ತಿಂಗಳುಗಟ್ಟಲೆ ಸುತ್ತುತ್ತದೆ.

ತಾವೇ ಕೊಳವೆ ಜೋಡಿಸಿದವರು ಮೊದಲ ದಿನ ಪಂಪನ್ನು ಮಾತ್ರ ಓಡಿಸಿ, ಉಳಿದ ಯಂತ್ರಕ್ಕೆ ವಿದ್ಯುತ್ ಕೊಡದೆ, ಪ್ರತಿ ಕೂಡಿಕೆಯ ಕೆಳಗೂ ತೆಳುವಾದ ಕಾಗದವನ್ನು ಹಾಸಿ ಒಂದು ಹಗಲು ಒಂದು ರಾತ್ರಿ ಕಾಯುವುದು ವಾಡಿಕೆ. ಕಾಗದ ಒದ್ದೆಯಾದರೆ ಆ ಕೂಡಿಕೆಯನ್ನು ಬಿಚ್ಚಿ ಮತ್ತೆ ಬಿಗಿಯಬೇಕು. ಬಟ್ಟಿ ಇಳಿಸಿದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲವೆಂಬ ಧೈರ್ಯ ಸಲ್ಲದು. ಲೋಹವನ್ನು ಸವರಿಕೊಂಡು ಕೆಲವು ದಿನ ಓಡಾಡಿದ ನೀರು ಅದರ ಲವಣಗಳನ್ನು ಹೀರಿಕೊಂಡಿರುತ್ತದೆ, ಹಲಗೆಯ ಮೇಲಿನ ಧೂಳೂ ಅದಕ್ಕೆ ಜೊತೆಗೂಡುತ್ತದೆ. ಕಾಗದ ಒಣಗಿಯೇ ಉಳಿದರೆ ಯಂತ್ರಕ್ಕೆ ವಿದ್ಯುತ್ ಕೊಟ್ಟು, ಅರ್ಧ ಗಂಟೆ ದುಡಿಸಿ, ಕೊಠಡಿ, ನೀರು, ಬಿಲ್ಲೆ ಮೂರರ ಉಷ್ಣತೆಯನ್ನೂ ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳ ಮೇಲೆ ಅದೇ ಕೆಲಸವನ್ನು ಕೊಟ್ಟು ಮತ್ತೆ ಅಳೆದಾಗ ಎರಡು ಅಂತರಗಳಲ್ಲಿ ಯಾವುದು ಹಿಗ್ಗಿದೆಯೆಂಬುದನ್ನು ಆ ಹಳೆಯ ಪುಟವೇ ತೋರಿಸುತ್ತದೆ.